ಮುಖ ವಾರೆ, ಕೈ ಜೋಮು, ಪಾದದ ಉರಿ: ಮೈಸೂರು–ಮಂಡ್ಯದಲ್ಲಿ ಸಿಗುವ ಅಕ್ಯುಪಂಕ್ಚರ್ ಸೇವೆಯ ವಿಮರ್ಶೆ

ನರದ ತೊಂದರೆಗೆ ಅಕ್ಯುಪಂಕ್ಚರ್ ಮಾಡಿಸಿಕೊಳ್ಳಲು ಮೈಸೂರಿನಲ್ಲಿ ಈಗ ಅಲೆಯಬೇಕಾಗಿಲ್ಲ. ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದ ವೈದ್ಯರ ಕ್ಲಿನಿಕ್‌ಗಳಿವೆ, ಪ್ರಕೃತಿ ಚಿಕಿತ್ಸಾ ಕೇಂದ್ರಗಳಿವೆ, ಆಗಾಗ ಭಾನುವಾರದ ಶಿಬಿರಗಳೂ ನಡೆಯುತ್ತವೆ. ಮಂಡ್ಯ, ಮದ್ದೂರಿನ ಕಡೆಯಿಂದ ಬೆಳಗಿನ ರೈಲಿಗೆ ಬಂದು, ಸೂಜಿ ಹಾಕಿಸಿಕೊಂಡು, ಊಟದ ಹೊತ್ತಿಗೆ ಮನೆ ಸೇರುವವರಿದ್ದಾರೆ. ಹೀಗೆ ಬಂದವರ ಕೈಗೆ ಒಂದು ಕರಪತ್ರವೋ ವಾಟ್ಸಾಪ್‌ಗೆ ಒಂದು ಪಿಡಿಎಫ್ಫೋ ಸಿಗುತ್ತದೆ. 'ವೈಜ್ಞಾನಿಕ ಸಂಶೋಧನೆಗಳಿಂದ ಸಾಬೀತಾಗಿದೆ' ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಜನ ಹಣ ಕೊಡುವುದು ಆ ಸಾಲನ್ನು ನಂಬಿ. ಆದ್ದರಿಂದ ಕ್ಲಿನಿಕ್ಕುಗಳನ್ನು ಅಕ್ಕಪಕ್ಕ ಇಟ್ಟು ಅಂಕ ಕೊಡುವ ಬದಲು ಆ ಸಾಲನ್ನೇ ಇಲ್ಲಿ ತಕ್ಕಡಿಗೆ ಹಾಕಿದ್ದೇವೆ.

ಅವಸರದಲ್ಲಿರುವವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ತಿಂಗಳುಗಟ್ಟಲೆ ಬಿಡದ ಸಯಾಟಿಕಾ ನೋವಿಗೆ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ಸೆಳೆತಕ್ಕೆ, ಒಂದು ಕಂತು ಮಾಡಿಸಿ ನೋಡಬಹುದು, ಅದಕ್ಕೆ ಒಳ್ಳೆಯ ಆಧಾರವಿದೆ. ಮಣಿಕಟ್ಟಿನ ನರ ಒತ್ತಿಕೊಂಡು ಕೈ ಜೋಮು ಹಿಡಿಯುವುದಕ್ಕೆ ಆಧಾರ ಅರೆಬರೆ. ಸಕ್ಕರೆ ಕಾಯಿಲೆಯ ಪಾದದ ಉರಿಗೆ ಆಧಾರ ತೀರಾ ತೆಳು. ಮುಖ ವಾರೆಯಾದವರು ಮೊದಲ ಮೂರು ದಿನ ಸೂಜಿಯ ಕಡೆ ತಲೆ ಹಾಕಲೇಬಾರದು. 'ನರದೌರ್ಬಲ್ಯ' ಎಂದು ಬೋರ್ಡಿನಲ್ಲಿ ಬರೆದಿರುವುದಕ್ಕಂತೂ ಆಧಾರ ಹುಡುಕುವುದೇ ಆಗದ ಮಾತು, ಏಕೆಂದರೆ ಅದು ರೋಗದ ಹೆಸರೇ ಅಲ್ಲ. ಯಾವ ನರ, ಎಲ್ಲಿ, ಯಾವ ಕಾರಣಕ್ಕೆ ಕೆಟ್ಟಿದೆ ಎಂದು ಹೇಳದೆ ಯಾರೂ ಪ್ರಯೋಗ ನಡೆಸಲಾರರು. ಆ ಪ್ರಶ್ನೆಗೆ ಉತ್ತರ ಕೊಡದೆ ಚಿಕಿತ್ಸೆ ಶುರು ಮಾಡುವ ಕಡೆಯಿಂದ ಎದ್ದು ಬರುವುದು ಮೇಲು.

ಒಂದು ಸಿಟ್ಟಿಂಗ್ ಅಂದರೆ ಇಷ್ಟು: ಸಾಮಾನ್ಯವಾಗಿ 0.25 ಮಿ.ಮೀ. ದಪ್ಪ, 25ರಿಂದ 40 ಮಿ.ಮೀ. ಉದ್ದದ ಸ್ಟೀಲ್ ಸೂಜಿ. ಇಂಜೆಕ್ಷನ್‌ಗೆ ಬಳಸುವ 23 ಗೇಜಿನ ಸೂಜಿ 0.6 ಮಿ.ಮೀ.ಗೂ ದಪ್ಪ ಮತ್ತು ಟೊಳ್ಳು, ಇದು ಗಟ್ಟಿ ಎಳೆ. ಪುಟ್ಟ ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು ಮೇಲಿಂದ ಬೆರಳಲ್ಲಿ ತಟ್ಟುತ್ತಾರೆ, ತುದಿ ಚರ್ಮ ದಾಟುತ್ತದೆ, ಕೊಳವೆ ತೆಗೆದು ಬೇಕಾದಷ್ಟು ಆಳಕ್ಕೆ ಇಳಿಸುತ್ತಾರೆ. ಆಮೇಲೆ ಹೆಬ್ಬೆರಳು–ತೋರುಬೆರಳ ನಡುವೆ ಸೂಜಿಯನ್ನು ಆಚೀಚೆ ಹೊರಳಿಸುತ್ತಾರೆ. ಆಗ ಒಳಗೆ ಒಂದು ಬಗೆಯ ಭಾರ, ಮಂದವಾಗಿ ಹರಡುವ ನೋವು ಬರುತ್ತದೆ. ಇದನ್ನೇ ಚೀನೀಯರು 'ಡೆ ಚಿ' ಎನ್ನುತ್ತಾರೆ. ಹತ್ತು ಹನ್ನೆರಡು ಸೂಜಿ, 20ರಿಂದ 30 ನಿಮಿಷ. ಎಲೆಕ್ಟ್ರೋ ಅಕ್ಯುಪಂಕ್ಚರ್ ಆದರೆ ಸೂಜಿಗಳಿಗೆ ಕ್ಲಿಪ್ ಸಿಕ್ಕಿಸಿ ಸಣ್ಣ ಕರೆಂಟ್ ಕೊಡುತ್ತಾರೆ. ಸೆಕೆಂಡಿಗೆ ಎರಡು ಬಾರಿಯಂತೆ ಬಿಟ್ಟರೆ ಸ್ನಾಯು ಟಕ್ ಟಕ್ ಎಂದು ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಡೆ ಚಿ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಖ ವಾರೆ: ಗುಣವಾಯಿತು ಸರಿ, ಯಾರಿಂದ?

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರುತ್ತದೆ, ಒಂದು ಕಣ್ಣು ಮುಚ್ಚಲು ಆಗುವುದಿಲ್ಲ, ಹುಬ್ಬು ಮೇಲೇಳುವುದಿಲ್ಲ. ಊರಲ್ಲಿ 'ಗಾಳಿ ಹೊಡೆದಿದೆ' ಎನ್ನುತ್ತಾರೆ, ವೈದ್ಯರು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಅಕ್ಯುಪಂಕ್ಚರ್ ಕೇಂದ್ರಗಳು ಹೆಮ್ಮೆಯಿಂದ ಮುಂದಿಡುವ ಫೋಟೋಗಳು ಹೆಚ್ಚಾಗಿ ಇದರವೇ. ಎಡಕ್ಕೆ ಸೊಟ್ಟ ಮುಖ, ಬಲಕ್ಕೆ ನೆಟ್ಟಗಾದ ಮುಖ, ಕೆಳಗೆ 'ಇಪ್ಪತ್ತು ಸಿಟ್ಟಿಂಗ್‌ಗಳ ನಂತರ'.

ಆ ಫೋಟೋ ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲಿ ಇಡಬೇಕಾದ ಲೆಕ್ಕವೊಂದಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಯಾವ ಚಿಕಿತ್ಸೆಯನ್ನೂ ಕೊಡದೆ 1,701 ಬೆಲ್ಸ್ ಪಾಲ್ಸಿ ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸಿದ ದಾಖಲೆ 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 85 ಮಂದಿಗೆ ಮೂರು ವಾರದೊಳಗೇ ಚೇತರಿಕೆ ಶುರುವಾಗಿತ್ತು. ನೂರಕ್ಕೆ 71 ಮಂದಿಯ ಮುಖ ತಾನಾಗಿಯೇ ಪೂರ್ತಿ ಸರಿಹೋಯಿತು. ಸೂಜಿ ಇಲ್ಲ, ಮಾತ್ರೆ ಇಲ್ಲ, ಎಣ್ಣೆ ಇಲ್ಲ. ಹಾಗಾದರೆ 'ನಮ್ಮಲ್ಲಿ ಹತ್ತರಲ್ಲಿ ಏಳು ಜನ ಪೂರ್ತಿ ಗುಣ' ಎಂದು ಬರೆದುಕೊಂಡ ಕೇಂದ್ರ ಹೇಳಿದ್ದೇನು? ಮನೆಯಲ್ಲೇ ಕೂತಿದ್ದರೂ ಆಗುತ್ತಿದ್ದಷ್ಟು ಆಗಿದೆ ಎಂದು. ತಾನಾಗಿ ವಾಸಿಯಾಗುವ ರೋಗದಲ್ಲಿ ಹೋಲಿಕೆಯ ಗುಂಪು ಇಲ್ಲದ ಯಾವ ಅಂಕಿಗೂ ಬೆಲೆಯಿಲ್ಲ, ಅದನ್ನು ಎಷ್ಟೇ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರೂ.

ಇದೇ ರೋಗಕ್ಕೆ ಸ್ಕಾಟ್ಲೆಂಡಿನಲ್ಲಿ 551 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಿ. 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿ, 25 ಮಿ.ಗ್ರಾಂ. ದಿನಕ್ಕೆರಡು ಸಲ, ಹತ್ತು ದಿನ. ಒಂಬತ್ತು ತಿಂಗಳಿಗೆ ಆ ಮಾತ್ರೆ ಪಡೆದವರಲ್ಲಿ ಶೇ. 94.4 ಮಂದಿ ಪೂರ್ತಿ ಗುಣ, ಪಡೆಯದವರಲ್ಲಿ ಶೇ. 81.6. ಹೋಲಿಕೆಯ ಗುಂಪು ಇದ್ದದ್ದರಿಂದಲೇ ಮಾತ್ರೆಯ ಪಾಲು ಎಷ್ಟು, ಪ್ರಕೃತಿಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಾಯಿತು.

ಅಕ್ಯುಪಂಕ್ಚರ್‌ಗೆ ಇಂಥದ್ದು ಇದೆಯೇ? ಒಂದು ಚಿಕಿತ್ಸೆಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗುವ ವರದಿಗೆ ಕೊಕ್ರೇನ್ ಸಮೀಕ್ಷೆ ಎನ್ನುತ್ತಾರೆ. ಬೆಲ್ಸ್ ಪಾಲ್ಸಿಗೆ ಅಕ್ಯುಪಂಕ್ಚರ್ ಕುರಿತ 2010ರ ಕೊಕ್ರೇನ್ ಸಮೀಕ್ಷೆ ಆರು ಪ್ರಯೋಗಗಳ 537 ರೋಗಿಗಳ ಮಾಹಿತಿಯನ್ನು ಜಾಲಾಡಿತು. ಪ್ರಯೋಗಗಳ ಗುಣಮಟ್ಟ ಎಷ್ಟು ಕಳಪೆಯೆಂದರೆ ಯಾವ ತೀರ್ಮಾನಕ್ಕೂ ಬರಲಾಗದು ಎಂದಿತು. ಪಿಡಿಎಫ್‌ಗಳಲ್ಲಿ ಹೆಚ್ಚಾಗಿ ತಿರುಗಾಡುವುದು 2013ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಚೀನಾದ ಪ್ರಯೋಗ. 338 ರೋಗಿಗಳು, ಆರು ತಿಂಗಳ ನಿಗಾ, ಅಚ್ಚುಕಟ್ಟಾದ ಕೆಲಸ. ಡೆ ಚಿ ಬರುವಂತೆ ಸೂಜಿ ಹೊರಳಿಸಿದ ಗುಂಪಿನ ಮುಖ ಹೆಚ್ಚು ಸುಧಾರಿಸಿತು. ಇದನ್ನು ತೋರಿಸಿ 'ಮುಖ ವಾರೆಗೆ ಅಕ್ಯುಪಂಕ್ಚರ್ ಸಾಬೀತು' ಎನ್ನುತ್ತಾರೆ. ಪ್ರಬಂಧದ ಒಳಗೆ ಹೋಗಿ ನೋಡಿದರೆ ಎರಡೂ ಗುಂಪಿಗೆ ಸೂಜಿ ಹಾಕಿದ್ದಾರೆ. ಒಂದರಲ್ಲಿ ಹೊರಳಿಸಿದ್ದಾರೆ, ಇನ್ನೊಂದರಲ್ಲಿ ಚುಚ್ಚಿ ಸುಮ್ಮನೆ ಬಿಟ್ಟಿದ್ದಾರೆ. ಎರಡೂ ಗುಂಪಿಗೆ ಪ್ರೆಡ್ನಿಸೋನ್ ಎಂಬ ಅದೇ ಜಾತಿಯ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದಾರೆ. ಸೂಜಿ ಹಾಕುವುದಾದರೆ ಹೊರಳಿಸಿ ಹಾಕುವುದು ಮೇಲು ಎಂದು ಈ ಪ್ರಯೋಗ ಹೇಳುತ್ತದೆ. ಸೂಜಿ ಹಾಕಿದರೆ ಹಾಕದಿದ್ದಕ್ಕಿಂತ ಮೇಲೋ ಎಂಬುದನ್ನು ಅದು ಕೇಳಿಯೇ ಇಲ್ಲ. ಮಾತ್ರೆ ಬಿಟ್ಟು ಸೂಜಿಯಷ್ಟೇ ಸಾಕೇ ಎಂಬುದನ್ನಂತೂ ಕೇಳಲು ಜಾಗವೇ ಇರಲಿಲ್ಲ.

ಅದೇ 2013ರಲ್ಲಿ ಅಮೆರಿಕದ ಕಿವಿ–ಮೂಗು–ಗಂಟಲು ತಜ್ಞರ ಸಂಘ ಹೊರತಂದ ಬೆಲ್ಸ್ ಪಾಲ್ಸಿ ಮಾರ್ಗಸೂಚಿ ಅಕ್ಯುಪಂಕ್ಚರ್ ಬಗ್ಗೆ ಮಾಡಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಮ್ಮ ತೂಕವೂ ಅಷ್ಟೇ. ಸ್ಟಿರಾಯ್ಡ್ ಕಂತು ಮುಗಿದ ಮೇಲೆ ಮಾಡಿಸಿಕೊಳ್ಳುವವರನ್ನು ತಡೆಯಲು ಕಾರಣವಿಲ್ಲ. ಮೊದಲ 72 ಗಂಟೆಯನ್ನು ಮಾತ್ರ ಸೂಜಿಗೆ ಕೊಡಬೇಡಿ. ಇನ್ನೂ ಮುಖ್ಯವಾದದ್ದು ಹಣೆ. ಮುಖದ ಕೆಳಭಾಗ ಜೋತುಬಿದ್ದಿದ್ದರೂ ಆ ಕಡೆಯ ಹಣೆಯಲ್ಲಿ ನೆರಿಗೆ ಮೂಡುತ್ತಿದ್ದರೆ, ಅಥವಾ ಜತೆಗೆ ಕೈಕಾಲು ಬಲ ಕಳೆದುಕೊಂಡಿದ್ದರೆ, ಮಾತು ತೊದಲುತ್ತಿದ್ದರೆ, ಅದು ಮೆದುಳಿನ ಲಕ್ವ ಆಗಿರಬಹುದು. ಮೈಸೂರಿನವರು ಕೆ.ಆರ್. ಆಸ್ಪತ್ರೆಗೋ ಮಂಡ್ಯದವರು ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ಗೋ ಆ ಗಳಿಗೆಯಲ್ಲೇ ಹೋಗಬೇಕು. ಬೆಲ್ಸ್ ಪಾಲ್ಸಿಯೇ ಆದರೂ ಮುಚ್ಚದ ಕಣ್ಣು ಒಣಗಿ ಹುಣ್ಣಾಗುತ್ತದೆ. ಹಗಲು ಡ್ರಾಪ್ಸ್ ಹಾಕಬೇಕು, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸಬೇಕು. ಸೂಜಿ ಹಾಕುವವರು ಕಣ್ಣಿನ ವಿಚಾರ ಎತ್ತಿದರೋ ಇಲ್ಲವೋ ಎಂಬುದರಲ್ಲೇ ಅವರಿಗೆ ರೋಗ ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಹುಸಿ ಸೂಜಿಯ ಎದುರು ನಿಜ ಸೂಜಿ

ಔಷಧದ ಪ್ರಯೋಗದಲ್ಲಿ ಸಕ್ಕರೆ ಮಾತ್ರೆ, ಅಂದರೆ ಔಷಧವಿಲ್ಲದ ಹುಸಿ ಮಾತ್ರೆ, ಕೊಟ್ಟು ಹೋಲಿಸುವುದು ಸುಲಭ. ಸೂಜಿಗೆ ಸಕ್ಕರೆ ಮಾತ್ರೆ ಯಾವುದು? 1998ರಲ್ಲಿ ಜರ್ಮನಿಯ ವೈದ್ಯರು ಒಂದು ಉಪಾಯ ಪ್ರಕಟಿಸಿದರು: ಮೊಂಡು ತುದಿಯ ಸೂಜಿ, ಒತ್ತಿದರೆ ಚರ್ಮದೊಳಗೆ ಹೋಗದೆ ತನ್ನ ಹಿಡಿಯೊಳಕ್ಕೇ ಸರಿಯುತ್ತದೆ. ನಾಟಕದ ಕತ್ತಿಯ ಹಾಗೆ. ರೋಗಿಗೆ ಚುಚ್ಚಿದಂತೆಯೇ ಭಾಸ. ಇದನ್ನು ಹುಸಿ ಸೂಜಿ ಎನ್ನೋಣ. ಕೆಲವು ಪ್ರಯೋಗಗಳಲ್ಲಿ ನಿಜ ಸೂಜಿಯನ್ನೇ ಅಕ್ಯುಪಂಕ್ಚರ್ ಹೇಳುವ ನಿರ್ದಿಷ್ಟ ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿ ಅದನ್ನು ಹುಸಿ ಎನ್ನುತ್ತಾರೆ.

ಜರ್ಮನಿಯಲ್ಲಿ 1,162 ಮಂದಿ ಬೆನ್ನು ನೋವಿನವರ ಮೇಲೆ ನಡೆದು 2007ರಲ್ಲಿ ಹೊರಬಂದ ಪ್ರಯೋಗ ಈ ಹೋಲಿಕೆಯ ಬೆಲೆಯನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ನಿಜ ಅಕ್ಯುಪಂಕ್ಚರ್‌ನಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು, ಹುಸಿಯಲ್ಲಿ ಶೇ. 44.2, ಮಾತ್ರೆ–ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4. ಮೊದಲನೆಯದನ್ನು ಮೂರನೆಯದರ ಜತೆ ಹೋಲಿಸಿದರೆ ಅಕ್ಯುಪಂಕ್ಚರ್ ಗೆದ್ದಿದೆ. ಎರಡನೆಯದರ ಜತೆ ಹೋಲಿಸಿದರೆ ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಒಂದೇ. ಕರಪತ್ರ ಬರೆಯುವವರು ಮೊದಲ ಹೋಲಿಕೆಯನ್ನು ಎತ್ತಿಕೊಳ್ಳುತ್ತಾರೆ, ಬೈಯುವವರು ಎರಡನೆಯದನ್ನು. ರೋಗಿಗೆ ಎರಡೂ ತಿಳಿದಿರಬೇಕು. ಹುಸಿ ಸೂಜಿಯೂ ಚರ್ಮವನ್ನು ಒತ್ತುತ್ತದೆ, ಒತ್ತಿದ್ದಕ್ಕೂ ನರ ಸ್ಪಂದಿಸುತ್ತದೆ, ಹಾಗಾಗಿ ಹುಸಿಯು ಪೂರ್ತಿ ಹುಸಿಯಲ್ಲ ಎಂಬ ವಾದದಲ್ಲೂ ಹುರುಳಿದೆ. ಆದರೆ ಆ ವಾದ ನಿಂತರೆ 'ಈ ಬಿಂದುವೇ ಆಗಬೇಕು, ಈ ಆಳವೇ ಆಗಬೇಕು' ಎಂಬ ವಾದ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬರುವುದಿಲ್ಲ.

ದೊಡ್ಡ ಲೆಕ್ಕವೂ ಇದನ್ನೇ ಹೇಳುತ್ತದೆ. 39 ಪ್ರಯೋಗಗಳ 20,827 ರೋಗಿಗಳ ಬಿಡಿಬಿಡಿ ದಾಖಲೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಅಕ್ಯುಪಂಕ್ಚರ್ ಹುಸಿಗಿಂತ ಸ್ವಲ್ಪ ಮೇಲು, ಏನೂ ಮಾಡದ್ದಕ್ಕಿಂತ ಸಾಕಷ್ಟು ಮೇಲು. ಇದು ಗಟ್ಟಿ ಕೆಲಸ. ಆದರೆ ಅದು ನೋಡಿದ್ದು ಬೆನ್ನು, ಕುತ್ತಿಗೆ, ಭುಜ, ಮಂಡಿಯ ನೋವು ಮತ್ತು ತಲೆನೋವನ್ನು. ನರದ ಜೋಮನ್ನಾಗಲಿ ನರದ ಉರಿಯನ್ನಾಗಲಿ ಅಲ್ಲ. ಮಂಡಿ ನೋವಿನ ಸಾಕ್ಷಿಯನ್ನು ಪಾದದ ಉರಿಗೆ ಎರವಲು ತರುವುದು ಈ ಕ್ಷೇತ್ರದಲ್ಲಿ ದಿನನಿತ್ಯ ನಡೆಯುವ ತಪ್ಪು.

ಮಣಿಕಟ್ಟು

ಮೈಸೂರಿನಲ್ಲಿ ಊದಿನಕಡ್ಡಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರಿಗೆ ಈ ತೊಂದರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಕೈ ಜುಮ್ಮೆಂದು ಎಚ್ಚರವಾಗುತ್ತದೆ, ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ. ಕಿರುಬೆರಳಿಗೆ ಏನೂ ಇಲ್ಲ. ಕಿರುಬೆರಳೂ ಜೋಮು ಹಿಡಿಯುತ್ತಿದ್ದರೆ ಒತ್ತಿಕೊಂಡಿರುವುದು ಬೇರೆ ನರ, ಅಥವಾ ಕುತ್ತಿಗೆಯ ಬಳಿ. ಎನ್‌ಸಿವಿ ಎಂಬ ನರದ ವೇಗದ ಪರೀಕ್ಷೆ ಮಾಡಿಸಿದರೆ ಮಣಿಕಟ್ಟಿನಲ್ಲಿ ಒತ್ತಿಕೊಳ್ಳುವ ಮೀಡಿಯನ್ ನರದಲ್ಲಿ ಸಂಕೇತ ಮಣಿಕಟ್ಟು ದಾಟಲು ಎಷ್ಟು ತಡವಾಗುತ್ತಿದೆ ಎಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ. ನಂಬಿಕೆಗೆ ಸುಲಭವಾಗಿ ಮಣಿಯದ ಅಳತೆ ಇದು, ಆದ್ದರಿಂದಲೇ ಸಂಶೋಧನೆಗೆ ಈ ರೋಗ ಹೇಳಿ ಮಾಡಿಸಿದ್ದು.

ಬಾಸ್ಟನ್ನಿನ ತಂಡ 80 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗ 2017ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ನೋಯುವ ಮಣಿಕಟ್ಟಿಗೇ ಎಲೆಕ್ಟ್ರೋ ಅಕ್ಯುಪಂಕ್ಚರ್, ಇನ್ನೊಂದಕ್ಕೆ ಎದುರು ಬದಿಯ ಕಾಲಿನ ಹರಡಿನ ಬಳಿ, ಮೂರನೆಯದಕ್ಕೆ ಹುಸಿ ಸೂಜಿ. ಎಂಟು ವಾರದಲ್ಲಿ 16 ಸಿಟ್ಟಿಂಗ್. ಜೋಮು, ನೋವಿನ ಅಂಕ ಮೂರೂ ಗುಂಪಿನಲ್ಲಿ ಇಳಿಯಿತು. ಹುಸಿಯಲ್ಲೂ ಇಳಿಯಿತು. ನರದ ವೇಗ ಮಾತ್ರ ನಿಜ ಸೂಜಿಯ ಗುಂಪುಗಳಲ್ಲಿ ಸುಧಾರಿಸಿತು. ಮೆಚ್ಚಬೇಕಾದ ಪ್ರಯೋಗ ಇದು: ಅಳತೆ ಗಟ್ಟಿ, ಹೋಲಿಕೆ ಗಟ್ಟಿ, ಒಪ್ಪದ ಫಲಿತಾಂಶವನ್ನು ಮುಚ್ಚಿಟ್ಟಿಲ್ಲ. ಆದರೆ ರೋಗಿ ಹಣ ಕೊಡುವುದು ರಾತ್ರಿ ನಿದ್ದೆಗಾಗಿ, ಮಿಲಿಸೆಕೆಂಡಿನ ಭಾಗಕ್ಕಾಗಿ ಅಲ್ಲ. ಆ ವಿಷಯದಲ್ಲಿ ಹುಸಿ ಸೂಜಿ ಹಿಂದೆ ಬೀಳಲಿಲ್ಲ. 12 ಪ್ರಯೋಗಗಳ 869 ಜನರನ್ನು ನೋಡಿದ 2018ರ ಕೊಕ್ರೇನ್ ಸಮೀಕ್ಷೆಯೂ ಹುಸಿಯ ಎದುರು ಅಲ್ಪಾವಧಿಯಲ್ಲಿ ವ್ಯತ್ಯಾಸ ಕಡಿಮೆ ಅಥವಾ ಇಲ್ಲವೇ ಇಲ್ಲ ಎಂಬಲ್ಲಿಗೇ ಬಂತು.

ಈ ತೊಂದರೆ ಏರಿಳಿಯುವಂಥದ್ದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾರೂ ಕೈ ಚೆನ್ನಾಗಿರುವ ವಾರ ಕ್ಲಿನಿಕ್ಕಿಗೆ ಹೋಗುವುದಿಲ್ಲ, ತೀರಾ ಕೆಟ್ಟಿರುವ ವಾರ ಹೋಗುತ್ತಾರೆ. ಅಲ್ಲಿಂದ ಮುಂದೆ ಏನು ಮಾಡಿದರೂ, ಮಾಡದಿದ್ದರೂ, ಸ್ವಲ್ಪ ಇಳಿಯುವುದೇ ಹೆಚ್ಚು. ಸೂಜಿಗೆ ಮುಂಚೆ ರಾತ್ರಿ ಮಣಿಕಟ್ಟನ್ನು ನೇರವಾಗಿ ಇಡುವ ಸ್ಪ್ಲಿಂಟ್ ಕಟ್ಟಿಕೊಂಡು ಕೆಲವು ವಾರ ನೋಡಿ. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷಿಸಿ. ಹೆಬ್ಬೆರಳ ಬುಡದ ಉಬ್ಬು ಕರಗಿ ಚಪ್ಪಟೆಯಾಗಿದ್ದರೆ ಸೂಜಿಗೂ ಸ್ಪ್ಲಿಂಟಿಗೂ ಕಾಲ ಮೀರಿದೆ, ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಸೂಜಿಯೇ ಹಾಕಿಸುವುದಾದರೆ ಒಂದು ಎಚ್ಚರ: ಮಣಿಕಟ್ಟಿನ ಗೆರೆಯಿಂದ ಎರಡು ಹೆಬ್ಬೆರಳಗಲ ಮೇಲಿನ ಬಿಂದು, ಪಿ.ಸಿ. 6, ಸರಿಯಾಗಿ ಮೀಡಿಯನ್ ನರದ ಮೇಲೆ ಬರುತ್ತದೆ. ಮಂದ ಭಾರ ಬಂದರೆ ಸರಿ. ಶಾಕ್ ಹೊಡೆದಂತೆ ಬೆರಳ ತುದಿಯವರೆಗೆ ಝಲ್ಲೆಂದರೆ ಸೂಜಿ ನರಕ್ಕೆ ತಗುಲಿದೆ ಎಂದರ್ಥ. ತಕ್ಷಣ ಹೇಳಿ, ಅವರು ಹಿಂದಕ್ಕೆ ಎಳೆಯಬೇಕು. 'ಅದು ಶಕ್ತಿ ಹರಿಯುತ್ತಿರುವುದು, ತಡಕೊಳ್ಳಿ' ಎಂದರೆ ಕೈ ಕೊಡಬೇಡಿ.

ಸಯಾಟಿಕಾಗೆ ಹೆಚ್ಚು ಅಂಕ ಯಾಕೆ

2024ರಲ್ಲಿ 'ಜಾಮಾ ಇಂಟರ್ನಲ್ ಮೆಡಿಸಿನ್'ನಲ್ಲಿ ಪ್ರಕಟವಾದ ಪ್ರಯೋಗ ಈ ಇಡೀ ಕ್ಷೇತ್ರದಲ್ಲಿ ನಮಗೆ ಹೆಚ್ಚು ಭರವಸೆ ಕೊಟ್ಟದ್ದು. ಡಿಸ್ಕ್ ಜರುಗಿ ಸೊಂಟದಿಂದ ಕಾಲಿಗೆ ಸೆಳೆತ ಬಂದು ತಿಂಗಳುಗಳೇ ಕಳೆದಿದ್ದ 220 ಜನ, ಚೀನಾದ ಆರು ಆಸ್ಪತ್ರೆಗಳು, ನಾಲ್ಕು ವಾರದಲ್ಲಿ ಹತ್ತು ಸಿಟ್ಟಿಂಗ್, ಹೋಲಿಕೆಗೆ ಹುಸಿ ಸೂಜಿ. ನೂರು ಮಿ.ಮೀ. ಗೆರೆಯ ಮೇಲೆ ರೋಗಿ ತನ್ನ ಕಾಲುನೋವನ್ನು ಗುರುತಿಸಬೇಕು. ನಾಲ್ಕನೇ ವಾರಕ್ಕೆ ನಿಜ ಸೂಜಿಯವರಲ್ಲಿ 30.8 ಮಿ.ಮೀ. ಇಳಿಯಿತು, ಹುಸಿಯವರಲ್ಲಿ 14.9. ವ್ಯತ್ಯಾಸ 52ನೇ ವಾರದವರೆಗೂ ಉಳಿಯಿತು. ಹೊಸದಾಗಿ ಹಿಡಿದ ಸಯಾಟಿಕಾ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಅದಕ್ಕೇ ಹಳೆಯ ನೋವಿನವರನ್ನೇ ಆಯ್ದದ್ದು ಜಾಣತನ. ಸಿಕ್ಕ ಉಪಶಮನದಲ್ಲಿ ಸುಮಾರು ಅರ್ಧ ಪಾಲು ಹುಸಿಯಲ್ಲೂ ಸಿಕ್ಕಿದೆ ನಿಜ, ಉಳಿದರ್ಧ ಸೂಜಿಯದೇ ಎನ್ನಲು ಇಲ್ಲಿ ಆಧಾರವಿದೆ.

ಪೂರ್ತಿ ಅಂಕ ಕೊಡಲು ತಡೆಯುವುದು ಎರಡು ಸಂಗತಿ. ಸೂಜಿ ಹಾಕುವವರಿಗೆ ಯಾವುದು ನಿಜ ಯಾವುದು ಹುಸಿ ಎಂದು ಗೊತ್ತೇ ಇರುತ್ತದೆ, ಅದನ್ನು ಮರೆಮಾಡುವುದು ಬಹಳ ಕಷ್ಟ. ಎರಡನೆಯದು, ಇದು ಚೀನಾದ ಹೊರಗೂ ಮರುಕಳಿಸಬೇಕು. ಅಕ್ಯುಪಂಕ್ಚರ್ ಪ್ರಯೋಗಗಳನ್ನು ದೇಶವಾರು ವಿಂಗಡಿಸಿ ನೋಡಿದ 1998ರ ಅಧ್ಯಯನದಲ್ಲಿ ಚೀನಾ, ಜಪಾನ್, ಹಾಂಗ್‌ಕಾಂಗ್, ತೈವಾನ್‌ನಿಂದ ಬಂದ ಅಷ್ಟೂ ಪ್ರಯೋಗಗಳು ಅಕ್ಯುಪಂಕ್ಚರ್ ಪರವಾಗಿಯೇ ಇದ್ದವು. ಒಂದೂ ಸೋಲದ ಕಡೆ ಸೋತವು ಪ್ರಕಟವಾಗುತ್ತಿಲ್ಲ ಎಂದು ಅನುಮಾನಿಸುವುದು ನ್ಯಾಯವೇ.

ಇಲ್ಲಿ ಮೈಸೂರಿನ ಸೇವೆಗೆ ನೇರವಾಗಿ ತಟ್ಟುವ ಮಾತೊಂದಿದೆ. ಆ ಫಲಿತಾಂಶ ಬಂದದ್ದು ನಾಲ್ಕು ವಾರದಲ್ಲಿ ಹತ್ತು ಸಿಟ್ಟಿಂಗ್‌ಗೆ. ಭಾನುವಾರದ ಶಿಬಿರದಲ್ಲಿ ವಾರಕ್ಕೊಂದರಂತೆ ನಾಲ್ಕು ಸಿಟ್ಟಿಂಗ್ ಮಾಡಿ ಅದೇ ಪ್ರಬಂಧವನ್ನು ತೋರಿಸಿದರೆ ಅದು ಅರ್ಧಕ್ಕಿಂತ ಕಡಿಮೆ ಡೋಸ್. ಸೂಜಿಯೇ ಇಲ್ಲದೆ ಬೆರಳಲ್ಲಿ ಮುಟ್ಟಿ, ಅಂಗೈಗೆ ಕಾಳು ಅಂಟಿಸಿ ಕಳಿಸುವವರೂ ಸೂಜಿಯ ಸಂಶೋಧನೆಯನ್ನೇ ಉದಾಹರಿಸುತ್ತಾರೆ. ಚರ್ಮ ದಾಟದ ಸ್ಪರ್ಶ ಆ ಪ್ರಯೋಗಗಳಲ್ಲಿ ಇದ್ದದ್ದು ಹುಸಿ ಗುಂಪಿನಲ್ಲಿ. ಮಂಡ್ಯದಿಂದ ಹತ್ತು ಸಲ ಬಂದುಹೋಗಲು ಹತ್ತು ದಿನದ ಕೂಲಿ ಹೋಗುತ್ತದೆ, ಅದನ್ನೂ ಫೀಸಿಗೆ ಸೇರಿಸಿಯೇ ಲೆಕ್ಕ ಹಾಕಿ.

ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಇದಾವುದೂ ಅನ್ವಯಿಸುವುದಿಲ್ಲ. ಅಂದೇ ಆಸ್ಪತ್ರೆ, ಅಂದೇ ಎಂಆರ್‌ಐ.

ಪಾದದ ಉರಿ

ಮಧುಮೇಹದ ನರದೋಷಕ್ಕೆ ಬಂದರೆ ಸಾಕ್ಷ್ಯ ಬಡವಾಗುತ್ತದೆ. ಮಧುಮೇಹವೂ ಸೇರಿದಂತೆ ನರಜನ್ಯ ನೋವಿಗೆ ಅಕ್ಯುಪಂಕ್ಚರ್ ಕುರಿತ 2017ರ ಕೊಕ್ರೇನ್ ಸಮೀಕ್ಷೆಗೆ ಸಿಕ್ಕಿದ್ದು ಆರೇ ಪ್ರಯೋಗ, 462 ಜನ. ಹೆಚ್ಚಿನವುಗಳಲ್ಲಿ ಒಂದು ಗುಂಪಿಗೆ 50 ಜನರೂ ಇರಲಿಲ್ಲ. ಪರವಾಗಿಯೂ ವಿರುದ್ಧವಾಗಿಯೂ ಹೇಳಲು ಸಾಲದು ಎಂದರು.

ಈ ರೋಗದ ಪ್ರಬಂಧಗಳಲ್ಲಿ ಪದೇಪದೇ ಕಾಣುವ ಒಂದು ಅಂಕಿಯನ್ನು ಹತ್ತಿರದಿಂದ ನೋಡಿ: 'ಒಟ್ಟು ಪರಿಣಾಮಕಾರಿ ಪ್ರಮಾಣ'. ಪೂರ್ತಿ ಗುಣ, ಬಹಳ ಸುಧಾರಣೆ, ಸ್ವಲ್ಪ ಸುಧಾರಣೆ ಮೂರನ್ನೂ ಕೂಡಿ ಒಂದೇ ಶೇಕಡಾ ಮಾಡುತ್ತಾರೆ. ಮೂವತ್ತು ಜನರಲ್ಲಿ ಇಬ್ಬರಿಗೆ ಪೂರ್ತಿ ಗುಣ, ಐವರಿಗೆ ಬಹಳ, ಇಪ್ಪತ್ತು ಮಂದಿಗೆ 'ಸ್ವಲ್ಪ' ಎಂದಿಟ್ಟುಕೊಳ್ಳಿ. ಇಪ್ಪತ್ತೇಳು ಭಾಗಿಸು ಮೂವತ್ತು, ಶೇ. 90 ಪರಿಣಾಮಕಾರಿ! ಆ ಇಪ್ಪತ್ತು ಜನರ 'ಸ್ವಲ್ಪ' ಎಷ್ಟು, ಅದನ್ನು ನಿರ್ಧರಿಸಿದವರು ಯಾರು, ಅವರಿಗೆ ಯಾರು ಯಾವ ಗುಂಪಿನವರೆಂದು ಗೊತ್ತಿತ್ತೇ ಎಂಬುದು ಕೋಷ್ಟಕದಲ್ಲಿ ಇರುವುದಿಲ್ಲ. ಇನ್ನೊಂದು ಚಾಳಿ, ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಅದೇ ಮಾತ್ರೆ ಜತೆಗೆ ಸೂಜಿ. ಹೆಚ್ಚು ಆರೈಕೆ, ಹೆಚ್ಚು ಭೇಟಿ, ಹೆಚ್ಚು ಮಾತುಕತೆ ಸಿಕ್ಕವರು ಹೆಚ್ಚು ಚೆನ್ನಾಗಿದ್ದೇವೆ ಎನ್ನದೆ ಇನ್ನೇನು ಅನ್ನುತ್ತಾರೆ? ಹುಸಿ ಸೂಜಿ ಇಲ್ಲದ ಇಂಥ ವಿನ್ಯಾಸದಲ್ಲಿ ಸೂಜಿ ಸೋಲುವುದು ಕಷ್ಟ. ರೋಗಿಗಳನ್ನು ಚೀಟಿ ಎತ್ತಿ ಹಂಚಿದರೋ, ಬಂದ ಸರದಿಯಂತೆ ಅತ್ತ ಒಬ್ಬರು ಇತ್ತ ಒಬ್ಬರೆಂದು ಹಂಚಿದರೋ ಎಂಬುದನ್ನೂ ನೋಡಬೇಕು. ಮುಂದಿನ ಚೀಟಿ ಯಾವುದೆಂದು ಮೊದಲೇ ಗೊತ್ತಾಗುವಂತಿದ್ದರೆ ಸುಧಾರಿಸುವ ಲಕ್ಷಣವಿರುವವರು ತಾವಾಗಿಯೇ ಸೂಜಿಯ ಕಡೆಗೆ ಸೇರಿಬಿಡುತ್ತಾರೆ. ಯಾವ ಬಿಂದು, ಎಷ್ಟು ಆಳ, ಎಷ್ಟು ಸೂಜಿ, ಎಷ್ಟು ನಿಮಿಷ, ಹಾಕಿದವರ ತರಬೇತಿ ಏನು ಎಂದು ಬರೆಯಲು ಸ್ಟ್ರಿಕ್ಟಾ ಎಂಬ ಪಟ್ಟಿ 2001ರಿಂದ ಇದೆ, 2010ರಲ್ಲಿ ಪರಿಷ್ಕರಣೆಯಾಯಿತು. ಅಷ್ಟನ್ನೂ ಬರೆಯದ ಪ್ರಬಂಧವನ್ನು ಮೈಸೂರಿನ ವೈದ್ಯರು ಬಯಸಿದರೂ ಅನುಸರಿಸಲಾರರು.

ಪಾದದ ವಿಷಯದಲ್ಲಿ ಮತ್ತೊಂದು ಬಲೆಯಿದೆ. ಹೆಚ್ಚಿನ ಪ್ರಯೋಗಗಳು ಅಳೆಯುವುದು ನೋವು, ಉರಿ. ನರ ಪೂರ್ತಿ ಸತ್ತಾಗಲೂ ಉರಿ ನಿಲ್ಲುತ್ತದೆ. ಉರಿ ಕಡಿಮೆಯಾಯಿತೆಂದು ಖುಷಿಪಡುವ ಮುನ್ನ 10 ಗ್ರಾಂ ಮೋನೋಫಿಲಮೆಂಟ್ ಎಳೆಯನ್ನು ಅಂಗಾಲಿಗೆ ಒತ್ತಿಸಿ ಸ್ಪರ್ಶ ತಿಳಿಯುತ್ತದೆಯೇ ನೋಡಿಸಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಳಿಂದ ನುಂಗುತ್ತಿರುವವರಲ್ಲಿ ಬಿ12 ಇಳಿದು ಅದೇ ಥರದ ಜೋಮು ಬರುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವುದಕ್ಕೆ ಇಪ್ಪತ್ತು ಸಿಟ್ಟಿಂಗ್ ಮಾಡಿಸಿಕೊಂಡವರು ಇಲ್ಲದಿಲ್ಲ. ಮರಗಟ್ಟಿದ ಪಾದಕ್ಕೆ ಮಾಕ್ಸಾ (ಒಣಮೂಲಿಕೆ ಉರಿಸಿ ಶಾಖ ಕೊಡುವುದು) ಸುಡುವುದು, ಹೀಟ್ ಲ್ಯಾಂಪ್ ಹಿಡಿಯುವುದು ಬೇಡವೇ ಬೇಡ. ಬಿಸಿ ತಿಳಿಯದೆ ಬೊಬ್ಬೆ ಬರುತ್ತದೆ, ಬೊಬ್ಬೆ ಹುಣ್ಣಾಗುತ್ತದೆ, ಆ ಹುಣ್ಣು ಬೆರಳನ್ನೇ ತೆಗೆದುಕೊಂಡು ಹೋಗಬಹುದು.

ಸರ್ಪಸುತ್ತಿನ ನಂತರದ ನೋವು, ಮುಖದ ಟ್ರೈಜೆಮಿನಲ್ ನೋವು, ಕೀಮೋ ನಂತರದ ಜೋಮು ಇವುಗಳ ಬಗ್ಗೆ ನಂಬಿ ಹಣ ಹಾಕುವಷ್ಟು ಗಟ್ಟಿ ಆಧಾರ ಇಲ್ಲ. ಇರುವ ಔಷಧ ನಿಲ್ಲಿಸದೆ ಜತೆಗೆ ಮಾಡಿಸಿಕೊಂಡರೆ ಆಗುವ ನಷ್ಟ ಹಣದ್ದಷ್ಟೇ.

ಸೇವೆ ಪಡೆಯುವಾಗ

ಸುರಕ್ಷತೆಯ ವಿಷಯದಲ್ಲಿ ಅಕ್ಯುಪಂಕ್ಚರ್‌ಗೆ ಒಳ್ಳೆಯ ಅಂಕವೇ. ಬ್ರಿಟನ್ನಿನಲ್ಲಿ ತರಬೇತಾದವರು ಮಾಡಿದ 34,407 ಚಿಕಿತ್ಸೆಗಳನ್ನು ದಾಖಲಿಸಿದ 2001ರ ಅಧ್ಯಯನದಲ್ಲಿ ಗಂಭೀರ ಅನಾಹುತ ಒಂದೂ ಇರಲಿಲ್ಲ. 'ತರಬೇತಾದವರು' ಎಂಬ ಮಾತನ್ನು ಬಿಡಬೇಡಿ. ಬಿಎನ್‌ವೈಎಸ್‌ನ ಐದೂವರೆ ವರ್ಷದ ಓದಿನಲ್ಲಿ ಅಂಗರಚನೆಯೂ ಅಕ್ಯುಪಂಕ್ಚರ್ರೂ ಎರಡೂ ಇವೆ. ಕೆಲವೇ ದಿನಗಳ ಸರ್ಟಿಫಿಕೇಟ್ ಕೋರ್ಸಿನವರಿಗೆ ಭುಜದ ಮೇಲ್ಭಾಗದಲ್ಲಿ ಸೂಜಿಯ ಕೆಳಗೆ ಶ್ವಾಸಕೋಶದ ತುದಿ ಇದೆ ಎಂಬುದು ಗೊತ್ತಿರುತ್ತದೆಂದು ಹೇಳಲಾಗದು. ಅಲ್ಲಿ ನೇರಕ್ಕೆ ಆಳವಾಗಿ ಇಳಿಸಿದರೆ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುತ್ತದೆ. ಚಿಕಿತ್ಸೆಯಾದ ದಿನ ಎದೆ ಹಿಡಿದಂತಾಗಿ ಉಸಿರು ಕಟ್ಟಿದರೆ ಎಕ್ಸ್‌ರೇ ತೆಗೆಸಿ. ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್, ಗರ್ಭ ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಕೊಡಬಾರದು.

ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ) ನೋಂದಣಿ ಸಂಖ್ಯೆ ಇರಬೇಕು. ಸೂಜಿಯ ಪೊಟ್ಟಣ ನಿಮ್ಮೆದುರೇ ಹರಿಯಬೇಕು, ಬಳಸಿದ ಸೂಜಿ ಬಿಳಿ ಬಣ್ಣದ, ಚುಚ್ಚಿದರೆ ತೂತಾಗದ ಡಬ್ಬಿಗೆ ಬೀಳಬೇಕು. 'ನಿಮ್ಮ ಸೂಜಿ ನಿಮಗೇ ಮೀಸಲು, ಡೆಟಾಲ್‌ನಲ್ಲಿ ಇಟ್ಟಿರುತ್ತೇವೆ' ಎನ್ನುವವರ ಹತ್ತಿರ ಹೋಗಬೇಡಿ. ಹಾಕುವಾಗ ಎಷ್ಟು ಸೂಜಿ ಎಂದು ಎಣಿಸಿಕೊಳ್ಳಿ, ತೆಗೆಯುವಾಗಲೂ ಎಣಿಸಿ. ಕೂದಲೊಳಗೆ, ಕಿವಿಯ ಹಿಂದೆ ಒಂದು ಉಳಿದುಹೋಗುವುದು ನಡೆಯುವಂಥದ್ದೇ. ಮೊದಲ ಸಲ ಕೂತು ಹಾಕಿಸಿಕೊಂಡರೆ ತಲೆ ಸುತ್ತಿ ಬೀಳುವವರಿದ್ದಾರೆ. ತಿಂಡಿ ತಿಂದು ಹೋಗಿ, ಮಲಗಿಯೇ ಹಾಕಿಸಿಕೊಳ್ಳಿ.

ಇಪ್ಪತ್ತು ಸಿಟ್ಟಿಂಗ್‌ನ ಪ್ಯಾಕೇಜಿಗೆ ಮುಂಗಡ ಕಟ್ಟುವುದನ್ನು ಮಾತ್ರ ಒಪ್ಪಬೇಡಿ. ಮೊದಲ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಹತ್ತಕ್ಕೆ ನೋವು ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರ, ನಿಲ್ಲದೆ ಎಷ್ಟು ದೂರ ನಡೆಯಬಹುದು. ಇದನ್ನು ಸೂಜಿ ಹಾಕುವವರು ಬರೆಯಬಾರದು, ಮನೆಯವರು ಬರೆಯಲಿ. ಹತ್ತಕ್ಕೆ ಎಂಟಿದ್ದದ್ದು ಆರನೇ ಸಿಟ್ಟಿಂಗ್‌ಗೆ ಆರಕ್ಕೋ ಐದಕ್ಕೋ ಬಂದಿದ್ದರೆ ಹತ್ತು ಮುಗಿಸಿ. ಎಂಟೇ ಉಳಿದಿದ್ದರೆ ಏಳನೆಯದಕ್ಕೆ ರೈಲು ಹತ್ತಬೇಡಿ.